ಗುಡಗುಡಿ ಸದ್ದು ನಿಂತಿತು. ಬುಡ ಭಂಗಾರಕ್ಕೆ ಹೋದೀತೇ?

(ನಮ್ಮ ವರದಿಗಾರರಿಂದ)

ಕಮಲನಗರ: ಬೀದರ ಜಿಲ್ಲೆಯ ಹೆಸರನ್ನು ಸಮುದ್ರದಾಚೆ ಒಯ್ದದ್ದು ಬಿದರಿ ಸಾಮಾನು. ಆ ಬಿದರಿ ಸಾಮಾನಿನಲ್ಲೂ ಮುಂಚೂಣಿಯಲ್ಲಿ ಹೋದದ್ದು ಯಾವುದು ಅಂತೀರಿ? ಹೂದಾನಿಯಲ್ಲ. ಮಂತ್ರಿ ಮಹೋದಯರಿಗೆ ಶಾಲಿನ ಜೊತೆ ಕೊಡುವ ಸ್ಮರಣಿಕೆಯಂತೂ ಅಲ್ಲವೇ ಅಲ್ಲ. ಹುಕ್ಕಾದ ಬುಡ! ನೀರು ಹಾಕಿ ಗುಡಗುಡ ಎನಿಸುವ ಆ ಕರೀ ಬುಡ. ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ, ಎಲ್ಲಿಗೆ ಹೋದರೂ ನಮ್ಮ ಜಿಲ್ಲೆಯ ಹುಕ್ಕಾ ಬುಡ ಗಾಜಿನ ಪೆಟ್ಟಿಗೆಯೊಳಗೆ ದೀಪದ ಬೆಳಕಿನಲ್ಲಿ ಕೂತಿದೆ.

ಹುಟ್ಟಿದ ಊರಿನಲ್ಲಿ ಅದರ ಗತಿ ಏನು? ಕಮಲನಗರ, ಭಾಲ್ಕಿ, ಔರಾದ ಕಡೆಯ ಹಳೇ ವಾಡೆಗಳ ಅಟ್ಟದ ಮೇಲೆ, ಒಡೆದ ಕೊಡ, ತುಕ್ಕು ಹಿಡಿದ ಲಾಟೀನಿನ ಜೊತೆ ಇಂಥದೊಂದು ಬುಡ ಧೂಳು ತಿನ್ನುತ್ತಾ ಬಿದ್ದಿದ್ದರೆ ಆಶ್ಚರ್ಯಪಡಬೇಕಿಲ್ಲ. ಮನೆ ಕೆಡವುವ ದಿನ ತಕ್ಕಡಿಯವನು ಬಂದು ಕಿಲೋ ಲೆಕ್ಕದಲ್ಲಿ ಒಯ್ದರೆ ಕೇಳುವವರಾರು? ನಮ್ಮ ಕಡೆ ಮೋಡಕಾ ಸಾಮಾನಿಗೆ ಭಂಗಾರ ಅಂತಾರೆ. ಭಂಗಾರಕ್ಕೂ ಬಂಗಾರಕ್ಕೂ ಒಂದೇ ಹೊಟ್ಟೆಸೀಳಿನ ಫರಕು. ಆ ಫರಕು ತಿಳಿಯದೆ ಮನೆಯ ಬಂಗಾರ ಭಂಗಾರಕ್ಕೆ ಹೋಗಬಾರದು ಎಂಬುದೇ ಈ ವಾರದ ನಮ್ಮ ಮಾತು.

ಚಿಲಮಿಯ ಶಾಸ್ತ್ರ

ಮೊದಲು ಬಡವರ ಪೈಪಿನಿಂದಲೇ ಸುರು ಮಾಡೋಣ. ಹುಕ್ಕಾ ದೇಸಾಯರ, ದೇಶಮುಖರ, ನವಾಬರ ಬೈಠಕ್ಕಿನದು. ಹೊಲದ ಬದುವಿನ ಮೇಲೆ ಕೂತವನದು ಚಿಲಮಿ. ಪುಸ್ತಕದಲ್ಲಿ ಅದಕ್ಕೆ ಚಿಲುಮೆ ಅಂತ ಬರೀತಾರೆ, ನಮ್ಮ ಮುತ್ಯಾಗಳ ಬಾಯಲ್ಲಿ ಅದು ಚಿಲಮಿ. ಕುಂಬಾರ ಮಣ್ಣಿನಲ್ಲಿ ತಟ್ಟಿ ಸುಟ್ಟು ಕೊಟ್ಟ, ಮೇಲೆ ಅಗಲ ಕೆಳಗೆ ಸಣ್ಣ ಆದ ನೆಟ್ಟನೆಯ ಕೊಳವೆ. ಗೇಣುದ್ದವೂ ಇಲ್ಲ. ಬೆಲೆ ಅಂತ ಹೇಳುವಂಥದ್ದೂ ಇಲ್ಲ. ಆದರೆ ಅದನ್ನು ಸೇದುವುದಕ್ಕೂ ಕಾಪಾಡುವುದಕ್ಕೂ ಒಂದು ಶಾಸ್ತ್ರ ಇತ್ತು.

ಮೊದಲು ಒಳಗೆ ಒಂದು ಹರಳುಕಲ್ಲು ಇಳಿಬಿಡಬೇಕು. ತಂಬಾಕು ಬಾಯಿಗೆ ಬರಬಾರದು, ಹೊಗೆ ಮಾತ್ರ ಬರಬೇಕು. ಅದಕ್ಕೆ ಆ ಕಲ್ಲೇ ಜರಡಿ. ಅದರ ಮೇಲೆ ತಂಬಾಕು. ತಳದಲ್ಲಿ ಸಡಿಲ, ಮೇಲೆ ಸ್ವಲ್ಪ ಬಿಗಿ. ತಳದಲ್ಲೇ ತುರುಕಿದರೆ ಎಷ್ಟು ಎಳೆದರೂ ಕೆನ್ನೆ ಗುಳಿ ಬೀಳುತ್ತದೆಯೇ ಹೊರತು ಹೊಗೆ ಬರುವುದಿಲ್ಲ. ಮೇಲೆ ಕುಳ್ಳಿನ ಕೆಂಡದ ಒಂದು ಚೂರು. ಕೆಳಗಿನ ತುದಿಗೆ ಒದ್ದೆ ಬಟ್ಟೆಯ ತುಂಡು ಸುತ್ತಬೇಕು, ಅದಕ್ಕೆ ಸಾಪಿ ಅಂತಾರೆ. ಹೊಗೆಯ ಕಾವು ಇಳಿಸುವುದಕ್ಕೂ ಅದೇ, ತುಟಿ ಸುಡದಂತೆ ಕಾಯುವುದಕ್ಕೂ ಅದೇ. ಆಮೇಲೆ ಎರಡೂ ಕೈ ಬೊಗಸೆ ಮಾಡಿ, ಬೆರಳ ಸಂದಿಯಲ್ಲಿ ಚಿಲಮಿ ನಿಲ್ಲಿಸಿ, ಹೆಬ್ಬೆರಳ ಬುಡದ ತೂತಿಗೆ ಬಾಯಿ ಹಚ್ಚಿ ಎಳೆಯಬೇಕು. ಬಾಯಿ ಚಿಲಮಿಗೆ ತಾಗುವುದಿಲ್ಲ, ತಾಗುವುದು ಸ್ವಂತ ಕೈಗೆ.

ಸೇದಿ ಮುಗಿದ ಮೇಲೆ ಬಿಸಾಕುವ ಹಾಗಿಲ್ಲ. ಆರುವ ತನಕ ಕಾಯಬೇಕು. ಬಿಸಿ ಚಿಲಮಿ ನೀರಿಗೆ ಬಿದ್ದರೆ ಚಟ್ ಎಂದು ಸೀಳಿತು ಅಂತಲೇ ತಿಳಿಯಿರಿ. ಆರಿದ ಮೇಲೆ ಬೂದಿ ಕೊಡವಿ, ಕಲ್ಲು ತೆಗೆದು, ಹಳೇ ಧೋತರದ ಚಿಂದಿಯನ್ನು ಹುರಿ ಹೊಸೆದು ಈ ತುದಿಯಿಂದ ಆ ತುದಿಗೆ ಎಳೆಯಬೇಕು. ಕರೀ ಕೀಟ ಬಟ್ಟೆಗೆ ಬರುತ್ತದೆ. ಬಹಳ ದಿನದ ಕೀಟ ಕಟ್ಟಿದ್ದರೆ ಒಲೆಯ ಕೆಂಡದಲ್ಲಿ ಹುಗಿದು ಸುಡುವುದು. ಮಣ್ಣು ಬೆಂಕಿಯಲ್ಲಿ ಹುಟ್ಟಿದ್ದು, ಬೆಂಕಿಗೆ ಹೆದರುವುದಿಲ್ಲ. ಮರುದಿನ ಚಿಲಮಿ ಹೊಸದರಂತೆ.

ವಿಲಾಯತಿ ಪೈಪಿನವರ ಶಾಸ್ತ್ರವೂ ಇದಕ್ಕಿಂತ ಬೇರೆಯಲ್ಲ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಗುಡ್ಡಗಳಲ್ಲಿ ಬೆಳೆಯುವ ಬ್ರಯರ್ ಎಂಬ ಗಿಡದ ಬೇರುಗಂಟಿನಿಂದ ಅವರ ಪೈಪು ಆಗುತ್ತದೆ. ಅದನ್ನು ಒಮ್ಮೆ ಸೇದಿದರೆ ಒಂದು ದಿನ ಆರಲು ಬಿಡಬೇಕು, ಬಿಸಿ ಇರುವಾಗ ಕೊಳವೆ ಕಳಚಬಾರದು, ಒಳಗೆ ಕಟ್ಟಿದ ಮಸಿ ತೆಳುವಾಗಿ ಇರಲಿ ಆದರೆ ದಪ್ಪ ಆಗದಿರಲಿ, ತಂತಿಗೆ ನೂಲು ಸುತ್ತಿದ ಕಡ್ಡಿಯಿಂದ ಕೊಳವೆ ಒರೆಸಬೇಕು. ಸೂಟು ಬೂಟಿನ ಸಾಹೇಬನಾಗಲಿ, ಧೋತರ ಪಟಗಾದ ಮುತ್ಯಾ ಆಗಲಿ, ಹೊಗೆಯ ಮುಂದೆ ಇಬ್ಬರಿಗೂ ಒಂದೇ ಕಾನೂನು: ಅವಸರ ಮಾಡಿದವನಿಗೆ ನಾಲಿಗೆ ಸುಡುತ್ತದೆ, ಆಲಸ್ಯ ಮಾಡಿದವನ ಪೈಪು ನಾರುತ್ತದೆ.

ಚಂಚಿಯೊಳಗಿನ ಗುಟ್ಟು

ಇನ್ನು ತಂಬಾಕಿನ ಮಾತು. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಸೀಮೆಯ ತಂಬಾಕಿಗೆ ಬೀಡಿಯವರಲ್ಲಿ ದೊಡ್ಡ ಹೆಸರು. 1981ರಲ್ಲಿ ಅಲ್ಲಿನ ಬೆಳೆಗಾರರು ದರಕ್ಕಾಗಿ ರಸ್ತೆ ತಡೆದು ಕೂತದ್ದು, ಗೋಲಿಬಾರ್ ಆಗಿ ಜೀವ ಹೋದದ್ದು ಹಳಬರಿಗೆ ನೆನಪಿದೆ. ಮೈಸೂರು ಕಡೆಯ ಹುಣಸೂರು, ಪಿರಿಯಾಪಟ್ಟಣದ ಹಳದಿ ಎಲೆ ಸಿಗರೇಟಿಗೆ ಹೋಗುತ್ತದೆ. ಚಿಲಮಿಗೆ ಬೇಕಾದದ್ದು ಕಡು ಬಣ್ಣದ ಖಾರದ ಎಲೆ. ಹುಕ್ಕಾಕ್ಕೆ ಅದು ಹಾಗೇ ನಡೆಯುವುದಿಲ್ಲ. ಎಲೆ ಕುಟ್ಟಿ, ಬೆಲ್ಲವನ್ನೋ ಕಾಕಂಬಿಯನ್ನೋ ಹಾಕಿ ಕಲಸಿ, ಮುದ್ದೆ ಮಾಡಿ ಇಟ್ಟರೆ ಅದು ಗುಡಾಕು. ಗುಡ ಅಂದರೆ ಬೆಲ್ಲ. ಕಬ್ಬಿನ ಜಿಲ್ಲೆಯವರಾದ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ತಂಬಾಕು ಕಾಪಾಡುವುದು ಉಪ್ಪಿನಕಾಯಿ ಕಾಪಾಡಿದಷ್ಟೇ ನಾಜೂಕು. ಶ್ರಾವಣದ ಜಡಿ ಮಳೆಯಲ್ಲಿ ಬೂಸು ಹಿಡಿಯುತ್ತದೆ. ನಮ್ಮ ಬೀದರಿನ ಬ್ಯಾಸಗಿಯಲ್ಲಿ ಪುಡಿ ಪುಡಿ ಆಗುತ್ತದೆ. ಎರಡು ಬೆರಳ ನಡುವೆ ಹಿಚುಕಿ ನೋಡಬೇಕು. ಮುದ್ದೆ ಕಟ್ಟಿದರೆ ನೀರು ಹೆಚ್ಚು, ಪುಡಿ ಉದುರಿದರೆ ನೀರು ಕಮ್ಮಿ, ಹಿಚುಕಿದ್ದು ಮೆಲ್ಲಗೆ ಬಿಚ್ಚಿಕೊಂಡರೆ ಹದ. ಮನೆಯಲ್ಲಿ ಮಣ್ಣಿನ ಗಡಿಗೆ, ಜೇಬಿನಲ್ಲಿ ಬಟ್ಟೆಯ ಚಂಚಿ. ಚಂಚಿಯ ಒಂದು ಖಾನೆಯಲ್ಲಿ ಎಲೆ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ, ಒಂದರಲ್ಲಿ ತಂಬಾಕು. ಬೆಂಕಿಪೊಟ್ಟಣ ಬರುವ ಮುಂಚೆ ಚಕಮಕಿ ಕಲ್ಲು, ಹಿಂಜಿದ ಅರಳೆಯೂ ಅದರಲ್ಲೇ.

"ಮುತ್ಯಾ, ಎಷ್ಟೊತ್ತು ಕುಂಡರ್ತೀರಿ? ಎತ್ತು ಕಾಯ್ಲತಾವ" ಅಂತ ಮೊಮ್ಮಗ ಕರೆಯುವುದು, "ತಡಿಯೋ ತಮ್ಮಾ, ಎತ್ತಿಗೂ ಉಸುರು ಬೇಕು, ನನಗೂ ಉಸುರು ಬೇಕು" ಅಂತ ಮುತ್ಯಾ ಹೇಳುವುದು, ಇದು ದೇವಣಿ ಎತ್ತು ಕಟ್ಟಿದ ಮನೆಗಳಲ್ಲೆಲ್ಲ ನಡೆಯುತ್ತಿದ್ದ ಮಾತು. ಚಿಲಮಿಯ ಸುಖ ಹೊಗೆಯಲ್ಲಿ ಎಷ್ಟಿತ್ತೋ, ಆ ಕೂತ ಹೊತ್ತಿನಲ್ಲಿ ಅದಕ್ಕಿಂತ ಹೆಚ್ಚಿತ್ತು. ಮಳೆ, ದರ, ಸಾಲ, ಸಂಬಂಧ ಎಲ್ಲದರ ತೀರ್ಮಾನ ಅಲ್ಲೇ.

ಆದರೆ ಎಲ್ಲ ಬಂಗಾರದ ಕಾಲ ಅಂತ ಹೇಳಿದರೆ ಸುಳ್ಳಾದೀತು. ಚಿಲಮಿ ಕೈಯಿಂದ ಕೈಗೆ ಹೋಗುವಾಗ ಜಾತಿಯ ಗೆರೆ ನೋಡಿಕೊಂಡೇ ಹೋಗುತ್ತಿತ್ತು. ಕೆರೆ, ಬಾವಿ, ಚಾ ಬಟ್ಟಲು ಹೇಗೋ ಚಿಲಮಿಯೂ ಹಾಗೇ. ಯಾರನ್ನಾದರೂ ಜಮಾತಿನಿಂದ ಹೊರಗೆ ಹಾಕಿದರೆ ಉರ್ದುವಿನಲ್ಲಿ ಹುಕ್ಕಾ ಪಾನಿ ಬಂದ್ ಅಂತಲೇ ಮಾತು. ದೊಡ್ಡವರ ಹಿಂದೆ ಬಾಲ ಆಡಿಸುವವನಿಗೆ ಚಿಲಮ್ ಭರನೇವಾಲಾ ಅಂತ ಹೆಸರು. ಕೂತು ಸೇದುವವನೊಬ್ಬ, ತುಂಬಿ ಕೊಡುವವನೊಬ್ಬ. ಆ ಲೆಕ್ಕವೂ ಆ ಹೊಗೆಯಲ್ಲೇ ಇತ್ತು.

ವಿಜಾಪುರದಿಂದ ಅಕ್ಬರನ ತನಕ

ಈ ಹೊಗೆ ನಮ್ಮ ಸೀಮೆಗೆ ಹೇಗೆ ಬಂತು? ತಂಬಾಕು ಮೂಲತಃ ಅಮೆರಿಕದ ಗಿಡ. ಪೋರ್ಚುಗೀಜರ ಹಡಗು ಹತ್ತಿ ಪಶ್ಚಿಮ ಕರಾವಳಿಗೆ ಬಂತು, ಅಲ್ಲಿಂದ ದಖ್ಖನಕ್ಕೆ ಹತ್ತಿತು. ಮೊಗಲರ ಆಸ್ಥಾನಕ್ಕೆ ಅದು ಹೋದದ್ದು ನಮ್ಮ ಕರ್ನಾಟಕದಿಂದಲೇ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ!

ಅಕ್ಬರ ಬಾದಶಹ ಅಸದ್ ಬೇಗ್ ಎಂಬ ತನ್ನ ಅಧಿಕಾರಿಯನ್ನು ವಿಜಾಪುರದ ಎರಡನೇ ಇಬ್ರಾಹಿಂ ಆದಿಲಶಾಹನ ಬಳಿ ಕಳಿಸಿದ್ದ. ವಿಜಾಪುರದಲ್ಲಿ ತಂಬಾಕು ಕಂಡ ಆ ಮನುಷ್ಯ ಅದನ್ನು ಹೊತ್ತುಕೊಂಡು, ಜೊತೆಗೆ ರತ್ನ ಕೂಡಿಸಿದ ಮೂರು ಮೊಳದ ಕೊಳವೆಯ ಪೈಪು ಸಿದ್ಧಮಾಡಿಸಿ, 1604-05ರ ಸುಮಾರಿಗೆ ಬಾದಶಹನ ಮುಂದೆ ಇಟ್ಟ. ಬಾದಶಹ ಎರಡು ಮೂರು ದಮ್ಮು ಎಳೆದದ್ದೇ ತಡ, ಹಕೀಮರು ಗಾಬರಿಯಾಗಿ ಬೇಡ ಎಂದರು. ನಮ್ಮ ಗ್ರಂಥಗಳಲ್ಲಿ ಇದರ ಗುಣ ಬರೆದಿಲ್ಲ, ಗೊತ್ತಿಲ್ಲದ ವಸ್ತು ಒಡೆಯರಿಗೆ ಯಾಕೆ ಎಂಬುದು ಅವರ ವಾದ. ಬಾದಶಹನೇನೋ ಚಟ ಹಚ್ಚಿಕೊಳ್ಳಲಿಲ್ಲ. ಆದರೆ ಅಮೀರ ಉಮರಾವರು ಮುಗಿಬಿದ್ದರು. ಮಗ ಜಹಾಂಗೀರ 1617ರಲ್ಲಿ ತಂಬಾಕು ನಿಷೇಧಿಸಿ ಫರ್ಮಾನು ಹೊರಡಿಸಿದ. ನಿಂತಿತೇ? ಇಲ್ಲ. ಹಕೀಮರು ಅಂದು ಹೇಳಿದ್ದು ಸರಿ ಎಂದು ಜಗತ್ತಿಗೆ ತಿಳಿಯಲು ಮುನ್ನೂರು ವರ್ಷದ ಮೇಲೆ ಹಿಡಿಯಿತು.

1619ರಲ್ಲಿ ಬೀದರವೂ ವಿಜಾಪುರದ ಆದಿಲಶಾಹರ ಕೈಗೆ ಬಂತು. ಹುಕ್ಕಾದ ಹುಚ್ಚು ಏರುತ್ತಿದ್ದ ಆ ಶತಮಾನದಲ್ಲೇ ಬೀದರಿನ ಕುಶಲಿಗರು ಹುಕ್ಕಾದ ಬುಡಕ್ಕೆ ಕೈ ಹಾಕಿದರು. ಮೊದಮೊದಲು ಚೆಂಡಿನಂತೆ ದುಂಡಗೆ ಮಾಡಿದರು. ದುಂಡನೆಯದು ಉರುಳುತ್ತದೆ, ಅದಕ್ಕೆ ಕೆಳಗೆ ಸಿಂಬೆ ಬೇಕು. ಹದಿನೆಂಟನೇ ಶತಮಾನದಲ್ಲಿ ಗಂಟೆಯ ಆಕಾರ ಬಂತು, ತಳ ಅಗಲ, ನೆಲಕ್ಕೆ ಗಟ್ಟಿಯಾಗಿ ಕೂಡುತ್ತದೆ. ನಿಮ್ಮ ಮನೆಯ ಬುಡ ಯಾವ ಆಕಾರದ್ದು ಎಂದು ನೋಡಿದರೆ ಅದರ ವಯಸ್ಸಿನ ಸುಳಿವು ಸಿಕ್ಕೀತು.

ಬುಡ ಮಾತ್ರವೇ ಹುಕ್ಕಾ ಅಲ್ಲ. ಮೇಲೆ ಕೆಂಡ ತಂಬಾಕಿನ ಚಿಲಮ್, ಅದಕ್ಕೆ ಮುಚ್ಚಳ ಸರ್‌ಪೋಶ್, ಚಿಲಮಿನಿಂದ ನೀರಿಗೆ ಇಳಿಯುವ ಕೊಳವೆ ನೈಚಾ, ಬಾಯಿಗೆ ಹಚ್ಚುವ ಮುಹನಾಲ್. ಕೊಳವೆಯ ತುದಿ ನೀರಿನಲ್ಲಿ ಒಂದು ಹೆಬ್ಬೆರಳು ಮುಳುಗಿದರೆ ಸಾಕು. ಹೆಚ್ಚಾದರೆ ಎಳೆಯಲು ದಮ್ಮು ಸಾಲದು, ಕಮ್ಮಿಯಾದರೆ ಗುಡಗುಡ ಸದ್ದೇ ಬಾರದು. ತಂಬಾಕಿಗೂ ಕೆಂಡಕ್ಕೂ ನಡುವೆ ಮಣ್ಣಿನ ತೆಳು ಬಿಲ್ಲೆ ಇಡಬೇಕು, ಇಲ್ಲದಿದ್ದರೆ ಬೆಲ್ಲ ಹೊತ್ತಿ ಕಹಿಯಾಗುತ್ತದೆ. ಪ್ರತಿ ಸಲ ನೀರು ಬದಲಿಸಬೇಕು. ನಿನ್ನೆಯ ನೀರಿನ ಹುಕ್ಕಾ ಅತಿಥಿಗೆ ಕೊಟ್ಟರೆ ಅದು ಬೈಗುಳಕ್ಕೆ ಸಮ. ಆ ಗುಡಗುಡಿಯನ್ನೇ ಹಿಡಿದು ಶಿಶುನಾಳ ಶರೀಫರು (1819-1889) ತತ್ವಪದ ಕಟ್ಟಿದರು. ಬುಡ, ಕೊಳವೆ, ಬೆಂಕಿ ಎಲ್ಲದರಲ್ಲೂ ಅವರಿಗೆ ಈ ದೇಹವೇ ಕಂಡಿತು. ಜನಕ್ಕೆ ಅಷ್ಟು ಪರಿಚಯದ ವಸ್ತು ಅದು.

ಕೋಟೆಯ ಮಣ್ಣಿನ ಕರಾಮತ್ತು

ಬಿದರಿಯ ಕಪ್ಪು ಬಣ್ಣ ಹಚ್ಚಿದ್ದಲ್ಲ, ಹುಟ್ಟಿಸಿದ್ದು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಕರಗಿಸುತ್ತಾರೆ, ಹದಿನಾರು ಪಾಲು ಸತು ಇದ್ದರೆ ಒಂದು ಪಾಲು ತಾಮ್ರ ಎಂಬುದು ಸಾಮಾನ್ಯ ಲೆಕ್ಕ. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರಿ ತಾತ್ಪೂರ್ತಿಕ ಕಪ್ಪು ಮಾಡಿಕೊಂಡು, ಮೊನೆಯಿಂದ ಹೂಬಳ್ಳಿ ಗೀರಿ, ಉಳಿಯಿಂದ ಕೊರೆದು, ಆ ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿ, ತಗಡು ಇಟ್ಟು ಬಡಿಯುತ್ತಾರೆ. ಕಡೆಗೆ ಕೋಟೆಯೊಳಗಿನ, ಬಿಸಿಲು ಮಳೆ ಕಾಣದ ಜಾಗದ ಮಣ್ಣು ತಂದು, ನವಸಾಗರದ ಜೊತೆ ನೀರಿನಲ್ಲಿ ಕುದಿಸಿ ಅದರಲ್ಲಿ ಅದ್ದುತ್ತಾರೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ! ಮಣ್ಣು ಸರಿಯಾದದ್ದೋ ಅಲ್ಲವೋ ಎಂದು ನಾಲಿಗೆಗೆ ಹಚ್ಚಿ ನೋಡುವ ಉಸ್ತಾದರು ಇದ್ದಾರೆ.

ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕುಶಲಕರ್ಮಿ ಶಾಹ ರಶೀದ ಅಹ್ಮದ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸಂತೋಷ. ಆದರೆ ಹುಕ್ಕಾದ ಗಿರಾಕಿ ಎಂದೋ ಹೋದ. 1930ರಲ್ಲಿ ಹೈದರಾಬಾದಿನಲ್ಲಿ ವಜೀರ್ ಸುಲ್ತಾನ್ ಕಂಪನಿ ಸುರುವಾಗಿ ಚಾರ್‌ಮಿನಾರ್ ಸಿಗರೇಟು ಹಳ್ಳಿ ಹಳ್ಳಿಗೆ ಬಂದಿತು. 1948ರಲ್ಲಿ ನಿಜಾಮಶಾಹಿ ಮುಗಿಯಿತು, ನವಾಬರ ಬೈಠಕ್ಕು ಎದ್ದಿತು. 1956ರಲ್ಲಿ ಜಿಲ್ಲೆಯನ್ನೇ ಭಾಷೆಯ ಗೆರೆ ಎಳೆದು ಹಂಚಿದರು, ಉದಗೀರ ಆಚೆ ಹೋಯಿತು, ಕಮಲನಗರ ಈಚೆ ಉಳಿಯಿತು. ಕೂತು ಸೇದುವ ಕಾಲ ಹೋಗಿ ನಡೆಯುತ್ತಾ ಸೇದುವ ಕಾಲ ಬಂತು. ಬಿದರಿಯವರು ಹೂದಾನಿ, ಕಿವಿಯೋಲೆ, ಗುಂಡಿ, ಪೆನ್ ಡ್ರೈವಿನ ಕವಚ ಮಾಡುವ ಕಡೆ ಹೊರಳಿದರು.

ನೀರು ತೊಳೆಯುವುದಿಲ್ಲ

ಇಲ್ಲಿಗೆ ಓದುಗರು ಒಂದು ಮಾತು ಸ್ಪಷ್ಟವಾಗಿ ಕೇಳಬೇಕು. ಹೊಗೆಯ ಸುಖದ ವರ್ಣನೆ ಓದಿ ಅಟ್ಟದ ಹುಕ್ಕಾ ಕೆಳಗಿಳಿಸಿ ಕೆಂಡ ಹಾಕುವ ವಿಚಾರ ಯಾರೂ ಮಾಡಬೇಡಿರಿ. ನೀರಿನಲ್ಲಿ ಹಾದು ಬಂದ ಹೊಗೆ ತೊಳೆದು ಬರುತ್ತದೆ, ಅದರಲ್ಲಿ ವಿಷ ಇಲ್ಲ ಎಂಬುದು ನಾಲ್ಕು ನೂರು ವರ್ಷದ ಹಳೇ ಸುಳ್ಳು. ನೀರು ಹೊಗೆಯನ್ನು ತಣ್ಣಗೆ ಮಾಡುತ್ತದೆ ಅಷ್ಟೇ. ತಣ್ಣಗಾದದ್ದಕ್ಕೇ ಜನ ಇನ್ನೂ ಆಳಕ್ಕೆ ಎಳೆಯುತ್ತಾರೆ. ಹುಕ್ಕಾ ಸಿಗರೇಟಿಗಿಂತ ಸೌಮ್ಯ ಎಂಬ ನಂಬಿಕೆ ತಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಒಂದು ಬೈಠಕ್ಕಿನಲ್ಲಿ ಒಳಗೆ ಹೋಗುವ ಹೊಗೆ ಒಂದು ಸಿಗರೇಟಿನ ಹೊಗೆಯ ನೂರು ಪಟ್ಟು ಆಗಬಹುದು ಎಂಬುದು ಅದರ ಲೆಕ್ಕ. ಮೇಲಿಂದ ಇದ್ದಲಿಯ ವಿಷಗಾಳಿ ಬೇರೆ. ಚಿಲಮಿ, ಬೀಡಿ, ವಿಲಾಯತಿ ಪೈಪು ಯಾವುದೂ ಇದಕ್ಕೆ ಹೊರತಲ್ಲ. ಬಾಯಿ, ಗಂಟಲು, ಎದೆಯ ಕ್ಯಾನ್ಸರು, ಉಬ್ಬಸ, ಹೃದಯದ ರೋಗ ಎಲ್ಲಕ್ಕೂ ಅದೇ ದಾರಿ. ಒಂದೇ ಚಿಲಮಿ ಹತ್ತು ಮಂದಿ ಹಿಡಿದರೆ ಕೆಮ್ಮು, ಕ್ಷಯ ದಾಟಲು ಸಸಾರ. ಮುತ್ಯಾಗಳು ರಾತ್ರಿಯಿಡೀ ಕೆಮ್ಮಿದ್ದು ವಯಸ್ಸಿಗಲ್ಲ.

ಕಾಯ್ದೆಯೂ ಬಿಗಿಯಾಗಿದೆ. 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ಸಾರ್ವಜನಿಕ ಸ್ಥಳದಲ್ಲಿ ಸೇದುವುದು ನಿಷಿದ್ಧ, ಬಸ್‌ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು ಎಲ್ಲ ಅದರಲ್ಲಿ ಬಂತು. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹುಕ್ಕಾದ ಮಾರಾಟ, ಸೇವನೆ ಎರಡನ್ನೂ ನಿಷೇಧಿಸಿತು. ಆ ವರ್ಷದ ಏಪ್ರಿಲಿನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಜಾರಿಗೆ ಬಂದ ತಿದ್ದುಪಡಿ ಕಾಯ್ದೆಯ ಪ್ರಕಾರ ಹುಕ್ಕಾ ಬಾರ್ ನಡೆಸಿದವನಿಗೆ ಒಂದರಿಂದ ಮೂರು ವರ್ಷ ಜೈಲು, ಇಪ್ಪತ್ತೊಂದು ತುಂಬದವರಿಗೆ ತಂಬಾಕು ಮಾರುವ ಹಾಗಿಲ್ಲ. ಗಡಿ ದಾಟಿ ಉದಗೀರಕ್ಕೆ ಹೋದರಾಯಿತು ಎನ್ನುವಂತೆಯೂ ಇಲ್ಲ, ಮಹಾರಾಷ್ಟ್ರದವರು 2018ರಲ್ಲೇ ಹುಕ್ಕಾ ಪಾರ್ಲರುಗಳಿಗೆ ಬೀಗ ಹಾಕಿದ್ದಾರೆ. ಚಿಲಮಿಯಲ್ಲಿ ಗಾಂಜಾ ತುಂಬುವವರ ಮಾತು ಬೇರೆ, ಅದಕ್ಕೆ 1985ರ ಕಾಯ್ದೆ ಇದೆ, ಪೊಲೀಸರಿದ್ದಾರೆ. ಮುತ್ಯಾನ ಚಿಲಮಿಗೆ ಕೆಟ್ಟ ಹೆಸರು ತಂದವರೂ ಅವರೇ.

ನಿಷೇಧ ಹೊಗೆಗೆ. ಕುಸುರಿಗಲ್ಲ. ಈ ಭೇದ ಜನಕ್ಕೆ ತಿಳಿಯಬೇಕು. ಮನೆಯಲ್ಲಿ ಖಾಲಿ ಬುಡ ಇದ್ದರೆ ಪೊಲೀಸರು ಹಿಡಿಯುತ್ತಾರೇನೋ ಎಂದು ಹೆದರಿ ರಾತ್ರೋರಾತ್ರಿ ತಕ್ಕಡಿಗೆ ಹಾಕುವ ಅವಶ್ಯಕತೆ ಇಲ್ಲ. ಅಜ್ಜನ ಖಡ್ಗ ಗೋಡೆಗೆ ತೂಗುಹಾಕಿದರೆ ಯುದ್ಧಕ್ಕೆ ಹೊರಟಂತೆಯೇ?

ಮನೆಯ ಬುಡ ಹೀಗೆ ಕಾಯಿರಿ

ಅಟ್ಟದ ಮೇಲೆ ಕರೀ ಬುಡ ಸಿಕ್ಕರೆ ಮೊದಲ ಕೆಲಸ, ಹುಣಸೆಹುಳಿ, ನಿಂಬೆಹಣ್ಣು, ಬೂದಿ ದೂರ ಇಡುವುದು. ಹಿತ್ತಾಳೆ ತಂಬಿಗೆ ಬೆಳಗಿದಂತೆ ಬೆಳಗಲು ಕೂತರೆ ಕೆಲಸ ಕೆಟ್ಟಿತು. ಇದು ಸತು. ಹುಳಿ ಸತುವನ್ನು ತಿನ್ನುತ್ತದೆ. ನೂರಾರು ವರ್ಷದ ಕಪ್ಪು ಅರ್ಧ ಗಂಟೆಯಲ್ಲಿ ಹೋಗಿ ಬುಡ ಬೂದು ಬಣ್ಣಕ್ಕೆ ಬರುತ್ತದೆ. ನೀರಿನಲ್ಲಿ ನೆನೆ ಹಾಕಬಾರದು, ಒಳಗೆ ನೀರು ನಿಲ್ಲಿಸಬಾರದು. ಸತುವಿಗೆ ನೀರು ಕೂತರೆ ಬಿಳೀ ಹುಡಿ ಏಳುತ್ತದೆ. ಮೆತ್ತಗಿನ ಒಣ ಬಟ್ಟೆಯಿಂದ ಧೂಳು ಒರೆಸಿ, ಬೇರೆ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಹಗುರಕ್ಕೆ ತೀಡಿದರೆ ಕಪ್ಪು ಮತ್ತೆ ಮೇಲೆದ್ದು ಬರುತ್ತದೆ. ಕೆಳಗೆ ಬೀಳಿಸಬೇಡಿರಿ, ಸತು ಬಾಗುವುದಿಲ್ಲ, ಒಡೆಯುತ್ತದೆ. ಬೆಳ್ಳಿಯ ಎಲೆ ಎದ್ದಿದ್ದರೆ ಗೋಂದು ಹಚ್ಚದೆ ಬೀದರಿನ ಚೌಬಾರಾ, ಸಿದ್ದೀಕ್ ತಾಲೀಮ್ ಕಡೆಯ ಬಿದರಿ ಅಂಗಡಿಗಳಿಗೆ ಒಯ್ದು ತೋರಿಸಿರಿ.

ಮಾರುವ ಮನಸ್ಸಾದರೆ? ಅದಕ್ಕೂ ಮುಂಚೆ ಒಂದು ಮಾತು ತಿಳಿದಿರಲಿ. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ಇಂಥ ಕುಶಲ ವಸ್ತು ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ, ವ್ಯಾಪಾರ ಮಾಡುವವನಿಗೆ ಲೈಸೆನ್ಸು ಬೇಕು. ಬಾಗಿಲಿಗೆ ಬಂದು "ಅವ್ವಾರೆ, ಹಳೇದು ಏನರ ಇದ್ರ ಕೊಡ್ರಿ, ಹೊಸಾ ಸ್ಟೀಲ್ ಬುಟ್ಟಿ ಕೊಡ್ತೀನಿ" ಎನ್ನುವವನ ಹತ್ತಿರ ಲೈಸೆನ್ಸು ಇದೆಯೇ ಎಂದು ಕೇಳಿದರೆ ಸಾಕು, ಅವನು ಮುಂದಿನ ಓಣಿ ಹಿಡಿದಾನು. ಬೆಳ್ಳಿ ಕಿಲೋಗೆ ಲಕ್ಷ ರೂಪಾಯಿ ದಾಟಿದ ಕಾಲ ಇದು. ಬುಡ ಕರಗಿಸಿ ಬೆಳ್ಳಿ ಕೀಳುವ ದುರಾಸೆಯವನಿಗೆ ಅದರಲ್ಲಿ ಸಿಗುವುದು ಒಂದು ಹಿಡಿ. ಕಳೆದುಹೋಗುವುದು ಮತ್ತೆ ಹುಟ್ಟದ ಕೈಯ ಕೆಲಸ.

ಕಮಲನಗರ ತಾಲೂಕು ಆಗಿ ವರ್ಷಗಳೇ ಕಳೆದವು. ಕಚೇರಿ ಬಂತು, ಬೋರ್ಡು ಬಂತು. ತಾಲೂಕಿನ ಹಳೇ ವಾಡೆಗಳಲ್ಲಿ ಏನೇನು ಉಳಿದಿದೆ ಎಂದು ಮನೆ ಮನೆ ತಿರುಗಿ ಒಂದು ಪಟ್ಟಿ ಮಾಡಿಸಲು ದೊಡ್ಡ ಅನುದಾನ ಬೇಕೇ? ಶಾಲೆಯ ಇಬ್ಬರು ಮಾಸ್ತರರು, ಒಂದು ರಿಜಿಸ್ಟರು, ಫೋಟೋ ತೆಗೆಯಲು ಒಂದು ಮೊಬೈಲು ಸಾಕು. ಕೊಡಲು ಒಪ್ಪಿದವರ ವಸ್ತುವನ್ನು ಹೆಸರು ಬರೆದು ಬೀದರ ಕೋಟೆಯ ವಸ್ತು ಸಂಗ್ರಹಾಲಯಕ್ಕೋ, ತಾಲೂಕಿನದೇ ಒಂದು ಕೋಣೆಗೋ ಸೇರಿಸಬಹುದು. ಕುಂಬಾರರು ಚಿಲಮಿ ತಟ್ಟುವುದನ್ನು ಮರೆಯುವ ಮುನ್ನ ನಾಲ್ಕು ಚಿಲಮಿಯನ್ನೂ ಅದರ ಪಕ್ಕದಲ್ಲಿ ಇಡಲಿ. ಅಮೀರನ ಹುಕ್ಕಾ, ಬಡವನ ಚಿಲಮಿ ಎರಡೂ ಒಂದೇ ಕಪಾಟಿನಲ್ಲಿ ಕೂಡಲಿ, ಜೀವ ಇದ್ದಾಗ ಕೂಡಲಿಲ್ಲ.

ಮುತ್ಯಾನ ಕೆಮ್ಮು ಮೊಮ್ಮಗನಿಗೆ ಬೇಡ. ಮುತ್ಯಾನ ಕಾಲದ ಕೈಗುಣ ಬೇಕು. ಲಂಡನ್ನಿನವರು ಗಾಜಿನ ಪೆಟ್ಟಿಗೆಯಲ್ಲಿ ಕಾಯುತ್ತಿರುವುದನ್ನು ನಾವು ತಕ್ಕಡಿಯಲ್ಲಿ ತೂಗಿದರೆ ನಗುವವರಾರು, ಅಳುವವರಾರು? ಜಿಲ್ಲಾಡಳಿತ ಇತ್ತ ಕಣ್ಣು ಹಾಯಿಸೀತೇ? ಅದು ಹಾಯಿಸುವ ತನಕ, ಓದುಗರೇ, ನಿಮ್ಮ ಮನೆಯ ಅಟ್ಟವನ್ನು ಈ ಆದಿತವಾರ ನೀವೇ ಒಮ್ಮೆ ಹತ್ತಿ ನೋಡಿರಿ.